ಘಟ್ಟದ ದಾರಿ ಕಟ್ಟಿದ ಪಾಳೆಯಗಾರ

ಹಾಸನ ಜಿಲ್ಲೆಯ ಬಯಲುಸೀಮೆಯಲ್ಲಿ ಕೋಟೆ ಊರುಗಳಿಗೆ ಬರವಿಲ್ಲ. ಹೊಳೆನರಸೀಪುರದ್ದು ನರಸಿಂಹ ನಾಯಕನೆಂಬ ಪಾಳೆಯಗಾರನ ಕೋಟೆ. ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ತೋಡಿಸಿ ಬಲಪಡಿಸಿದವನು ಹೈದರಾಲಿ; ಮೇಲಿಂದ ಮೇಲೆ ನುಗ್ಗುತ್ತಿದ್ದ ಮರಾಠರ ದಂಡಿಗೆ ಅದು ಉತ್ತರ. ಅರಕಲಗೂಡನ್ನು 1568ರ ಸುಮಾರಿಗೆ ಕಟ್ಟಿದವನು ಐಗೂರು ಮನೆತನದ ಕೃಷ್ಣಪ್ಪ ನಾಯಕ. ಕಂಪನಿ ಸರ್ಕಾರವನ್ನು ಮೂರು ವರ್ಷ ಕಾಡಿಸಿದ ಮನುಷ್ಯ ಹುಟ್ಟಿದ್ದು ಇದೇ ಐಗೂರು ಮನೆತನದಲ್ಲಿ.

ಮನೆತನದ ಬೇರು ವಿಜಯನಗರದ ಕಾಲದ ಬೇಲೂರಿನಲ್ಲಿದೆ. ಮೈಸೂರಿನ ಒಡೆಯರು ಒಂದು ಕಡೆಯಿಂದ, ಇಕ್ಕೇರಿಯ ನಾಯಕರು ಇನ್ನೊಂದು ಕಡೆಯಿಂದ ಒತ್ತುತ್ತ ಬಂದಂತೆ ಬಯಲಿನ ಊರುಗಳೆಲ್ಲ ಕೈತಪ್ಪಿದವು. ಕೊನೆಗೆ ಉಳಿದದ್ದು ಈಗಿನ ಸಕಲೇಶಪುರದ ಸುತ್ತಿನ ಕಾಡು, ಮಳೆ, ಕಣಿವೆಗಳ ನಾಡು. ಅದರ ಹೆಸರು ಬಲಂ. ಬಡ ನಾಡೇನಲ್ಲ, ಆದರೆ ಅದರ ನಿಜವಾದ ಆಸ್ತಿ ಭತ್ತದ ಗದ್ದೆಯಲ್ಲ, ಕರಾವಳಿಗೆ ಇಳಿಯುವ ಘಟ್ಟದ ದಾರಿಗಳು. ಬಿಸಿಲೆ ಘಟ್ಟದಲ್ಲಿ ಇಳಿದರೆ ಸುಬ್ರಹ್ಮಣ್ಯ, ಮುಂದೆ ಮಂಗಳೂರು.

ಮೂರನೆಯ ಮೈಸೂರು ಯುದ್ಧ ಬಂದಾಗ ಬಲಂನ ಆಗಿನ ಪಾಳೆಯಗಾರ, ಇನ್ನೊಬ್ಬ ಕೃಷ್ಣಪ್ಪ ನಾಯಕ, ಟಿಪ್ಪುವಿನ ಕೈಬಿಟ್ಟು ಪರಶುರಾಮ ಭಾವೂನ ಮರಾಠಾ ಸೇನೆ ಸೇರಿದ. 1792ರಲ್ಲಿ ಒಪ್ಪಂದವಾಯಿತು, ಮರಾಠರು ತಮ್ಮ ಪಾಲು ಹಿಡಿದು ಹೊರಟರು, ನಾಯಕ ಒಬ್ಬಂಟಿಯಾದ. ದೊಡ್ಡವರ ಜಗಳದಲ್ಲಿ ಪಾಳೆಯಗಾರರ ಪಾಡು ಬಹುತೇಕ ಇಷ್ಟೇ. ಟಿಪ್ಪುವಿನ ಸಿಟ್ಟಿಗೆ ಹೆದರಿ ಅವನು ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಮರಳಿ ಕರೆಸಿ ಐಗೂರು ಸೀಮೆಯನ್ನಷ್ಟೇ ಬಿಟ್ಟುಕೊಟ್ಟು, ಉಳಿದ ಬಲಂ ಅನ್ನು ಶ್ರೀರಂಗಪಟ್ಟಣದ ಆಡಳಿತಕ್ಕೆ ಸೇರಿಸಿಕೊಂಡ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡಿದ್ದ ಟಿಪ್ಪುವಿಗೆ ಮಂಗಳೂರು ಇನ್ನೂ ಉಳಿದಿತ್ತು, ಪಕ್ಕದ ಕೊಡಗು ಕಂಪನಿಯ ಕಡೆಗೆ ವಾಲಿತ್ತು. ಹಾಗಾಗಿ ಗಡಿಯಾಗಿ ಮಾರ್ಪಟ್ಟ ಈ ನಾಡಿನಲ್ಲಿ ಮಂಗಳೂರಿನ ದಾರಿಯ ಕಾವಲಿಗೆ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಎದ್ದಿತು. ಮಂಜು ಕವಿದ ಆ ಗುಡ್ಡವೇ ಮಂಜರಾಬಾದ್.

ಅಪ್ಪನ ಸೀಮೆ ಕತ್ತರಿಸಿಹೋದದ್ದನ್ನು ಕಂಡ ಮಗ ವೆಂಕಟಾದ್ರಿ ನಾಯಕ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಅವನು ಕಾದು ಕೂರಲಿಲ್ಲ, ಬಲಂ ಪೂರ್ತಿ ತನ್ನದೆಂದು ಎದ್ದು ನಿಂತ. (ಇಂಗ್ಲಿಷರ ಪತ್ರಗಳಲ್ಲಿ ಇವನನ್ನೂ ಕೃಷ್ಣಪ್ಪ ನಾಯಕನೆಂದೇ ಕರೆದಿರುವುದರಿಂದ ಓದುವವರಿಗೆ ಅಪ್ಪ ಯಾರು, ಮಗ ಯಾರು ಎಂಬ ಗೊಂದಲ ತಪ್ಪಿದ್ದಲ್ಲ.) ಅಷ್ಟರಲ್ಲಿ ಕಂಪನಿಯವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದ್ದರು. ಬಲಂ ಹೋದದ್ದು ಹೊಸ ಮೈಸೂರಿನ ಪಾಲಿಗೆ. ಸೀಮೆ ಕಿತ್ತುಕೊಂಡ ಟಿಪ್ಪು ಸತ್ತಿದ್ದ. ತೀರಿಸಬೇಕಾದ ಸೇಡು ಬಾಕಿ ಇತ್ತು, ಅದು ಹೊಸ ಒಡೆಯರ ತಲೆಗೆ ಬಂತು.

ಅದೇ ಹೊತ್ತಿಗೆ ಉತ್ತರದಲ್ಲಿ ಇನ್ನೊಬ್ಬನ ಅಬ್ಬರ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ಹೊರಬಿದ್ದು, ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿ, ತನ್ನನ್ನು ಎರಡು ಲೋಕಗಳ ಒಡೆಯನೆಂದು ಸಾರಿಕೊಂಡ. ಗಡಿ ದಾಟಿ ಬಂದ ಅವನ ಪಾಳೆಯವನ್ನು ಮರಾಠಾ ಸರದಾರ ಧೋಂಡೋಪಂತ ಗೋಖಲೆ ಕೊಳ್ಳೆಹೊಡೆದ. ಅವನ ರಕ್ತದಿಂದ ಮೀಸೆಗೆ ಬಣ್ಣ ಹಚ್ಚುತ್ತೇನೆ ಎಂದು ಧೋಂಡಿಯಾ ಶಪಥ ಮಾಡಿದ್ದನಂತೆ. ಮೀಸೆಯ ಮಾತು ಹಾಗಿರಲಿ, 1800ರ ಜೂನ್ ಕೊನೆಯಲ್ಲಿ ಗೋಖಲೆಯನ್ನು ಕೊಂದದ್ದಂತೂ ನಿಜ.

ಧೋಂಡಿಯಾನ ಈ ಅಬ್ಬರಕ್ಕೂ ಬಲಂಗೂ ನೇರ ನಂಟಿದೆ. 1800ರ ಏಪ್ರಿಲ್‌ನಲ್ಲಿ ಬಲಂನ ಕಾಡಿನ ನಡುವಿನ ಅರಕೆರೆಗೆ ಬಂದ ಕಂಪನಿಯ ಮೊದಲ ಪಡೆ ಪೆಟ್ಟು ತಿಂದು ಹಿಂದಿರುಗಿತ್ತು. ಊರಿನ ಸುತ್ತ ದಟ್ಟ ಕಾಡು, ಕಾಡಿನೊಳಗೆ ಕಂದಕ, ಮುಳ್ಳುಬೇಲಿ, ಕಡಿದುರುಳಿಸಿದ ಮರಗಳ ಅಡ್ಡಗಟ್ಟು; ಗುಂಡು ಎಲ್ಲಿಂದ ಬರುತ್ತದೆಂದು ತಿಳಿಯುವ ಮೊದಲೇ ಸಿಪಾಯಿಗಳು ಬೀಳುತ್ತಿದ್ದರು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ಹೆಚ್ಚಿನ ಬಲದೊಂದಿಗೆ ಬಂದು ಅರಕೆರೆ ಹಿಡಿದ. ಹಿಡಿದದ್ದನ್ನು ಉಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಧೋಂಡಿಯಾನ ಬೆನ್ನಟ್ಟಲು ದಂಡು ಬೇಕಿತ್ತು, ಮಳೆಗಾಲವೂ ಎದುರಿಗಿತ್ತು. ಪಡೆ ಹೊರಟದ್ದೇ ನಾಯಕ ಮತ್ತೆ ಕಾಡಿನೊಡೆಯನಾದ.

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆಪಡೆಗೆ ಧೋಂಡಿಯಾ ಬಲಿಯಾದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿ ಇವನೇ. ಇಂಥವನು ಒಬ್ಬ ಕಾಡಿನ ನಾಯಕನ ಮೇಲೆ 1802ರ ಜನವರಿಯಲ್ಲಿ ಖುದ್ದಾಗಿ ಏರಿಬಂದದ್ದೇಕೆ? ಬಲಂನ ಕಂದಾಯದ ಆಸೆಗೆ ಖಂಡಿತ ಅಲ್ಲ. 1799ರಲ್ಲಿ ಕರಾವಳಿಯ ಕೆನರಾ ಕಂಪನಿಯದಾಗಿತ್ತು, ಶ್ರೀರಂಗಪಟ್ಟಣದಲ್ಲಿ ಕಂಪನಿಯ ಠಾಣೆ ಇತ್ತು, ಎರಡರ ನಡುವಿನ ದಾರಿಗೆ ವೆಂಕಟಾದ್ರಿ ಅಡ್ಡ ಕೂತಿದ್ದ. ಸೀಮೆ ಕೇಳುವ ಪಾಳೆಯಗಾರನನ್ನು ಕಂಪನಿ ಸಹಿಸಿಕೊಂಡೀತು, ದಾರಿ ಕಟ್ಟುವವನನ್ನು ಸಹಿಸದು.

ಜನವರಿ 16ರಂದು ಮೂರು ದಿಕ್ಕಿನಿಂದ ನುಗ್ಗಿ ಅರಕೆರೆ ಹಿಡಿದರು. ಬಳಿಕ ನಡೆದದ್ದು ಯುದ್ಧಕ್ಕಿಂತ ಹೆಚ್ಚಾಗಿ ಕಾಡು ಕಡಿಯುವ ಕೆಲಸ: ದಾರಿ ತೆರೆದರು, ಹಳ್ಳಿಗಳ ಬೇಲಿ-ಅಡ್ಡಗಟ್ಟು ಕೆಡವಿದರು. ಅಡಗಲು ತಾವಿಲ್ಲದ ನಾಯಕ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. 10ನೇ ತಾರೀಕು ಅವನನ್ನೂ ಅವನ ಆರು ಮಂದಿಯನ್ನೂ ಗಲ್ಲಿಗೇರಿಸಿದರು.

ವೆಂಕಟಾದ್ರಿಯನ್ನು ಸ್ವಾತಂತ್ರ್ಯ ಹೋರಾಟಗಾರರ ಸಾಲಿಗೆ ಸೇರಿಸಬೇಕೆನ್ನುವವರಿದ್ದಾರೆ. ಸೇರಿಸಲಿ, ನನ್ನ ತಕರಾರಿಲ್ಲ. ಆದರೆ ಅವನು ಹೋರಾಡಿದ್ದು ದೇಶವೆಂಬ ಕಲ್ಪನೆಗಾಗಿ ಅಲ್ಲ, ಅಪ್ಪನ ಸೀಮೆಗಾಗಿ. ಹಾಗೆಂದ ಮಾತ್ರಕ್ಕೆ ಅವನ ಧೈರ್ಯ ಕಡಿಮೆಯಾಗುವುದಿಲ್ಲ.

ಮುಂದಿನ ಆಡಳಿತದಲ್ಲಿ ಆ ತಾಲ್ಲೂಕಿಗೆ ಬಲಂ ಎಂಬ ಹೆಸರು ಉಳಿಯಲಿಲ್ಲ. ಟಿಪ್ಪುವಿನ ಕೋಟೆಯ ಹೆಸರು ಹಿಡಿದು ಅದು ಮಂಜರಾಬಾದ್ ತಾಲ್ಲೂಕಾಯಿತು. 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷನು ಅಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ.