ಪ್ರೊಸೆಸರ್ ಹಿಡಿದು ವೇದಿಕೆ ಹತ್ತುವವರಿಗೆ: ಕೆಲವು ತಪ್ಪು ಕಲ್ಪನೆಗಳು, ವಾಸ್ತವಗಳು

ಗಣೇಶ ಚೌತಿಯಿಂದ ಹಿಡಿದು ಫೆಬ್ರವರಿ ಮುಗಿಯುವ ತನಕ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಗಿಟಾರ್ ವಾದಕರಿಗೆ ಬಿಡುವಿಲ್ಲ. ಮಂಡಲಗಳ ಆರ್ಕೆಸ್ಟ್ರಾ, ನವರಾತ್ರಿಯ ಗರ್ಬಾ, ಕನ್ನಡ ಸಂಘಗಳ ವಾರ್ಷಿಕೋತ್ಸವದ ರಸಮಂಜರಿ, ಕಾಲೇಜು ಹಬ್ಬ, ಮಾಲ್‌ಗಳ ವಾರಾಂತ್ಯದ ಬ್ಯಾಂಡು. ಇವರಲ್ಲಿ ಹೆಚ್ಚಿನವರ ಬೆನ್ನಿಗೆ ಗಿಟಾರ್ ಚೀಲ, ಕೈಯಲ್ಲಿ ಕಾಲಿನಿಂದ ಒತ್ತುವ ಗುಂಡಿಗಳಿರುವ ಒಂದು ಚಪ್ಪಟೆ ಪೆಟ್ಟಿಗೆ. ಆರ್ಕೆಸ್ಟ್ರಾದವರು ಅದನ್ನು ‘ಪ್ರೊಸೆಸರ್’ ಅನ್ನುತ್ತಾರೆ, ಹೊಸ ಹುಡುಗರು ‘ಮಾಡೆಲರ್’ ಅನ್ನುತ್ತಾರೆ. ಗಿಟಾರಿನ ಆಂಪ್, ಅದರ ಸ್ಪೀಕರ್ ಪೆಟ್ಟಿಗೆ, ಆ ಸ್ಪೀಕರಿನ ಮುಂದೆ ಇಡುವ ಮೈಕ್ ಈ ಮೂರೂ ಸೇರಿ ಶಬ್ದಕ್ಕೆ ಏನು ಮಾಡುತ್ತವೋ ಅದನ್ನು ಈ ಪೆಟ್ಟಿಗೆ ಲೆಕ್ಕ ಹಾಕಿ ಮಾಡಿಕೊಡುತ್ತದೆ. ಇದನ್ನು ಹೊಗಳುವವರೂ ತೆಗಳುವವರೂ ಹೇಳುವ ಮಾತುಗಳಲ್ಲಿ ತಪ್ಪು ಬಹಳ ಸೇರಿಕೊಂಡಿದೆ. ಅದರಿಂದ ಒಳ್ಳೆಯ ವಾದಕರ ಶಬ್ದ ವೇದಿಕೆಯ ಮೇಲೆ ಕೆಡುತ್ತಿದೆ.

‘ಡಿಜಿಟಲ್ ಅಂದರೆ ನಕಲಿ. ಅಸಲಿ ನಾದ ವಾಲ್ವ್ ಆಂಪಿನಲ್ಲೇ.’

ವಾಲ್ವ್ ಆಂಪಿನ ಎದುರು ನಿಂತು ನುಡಿಸಿದವರಿಗೆ ಈ ಮಾತಿನ ಹಿಂದಿನ ಪ್ರೀತಿ ಗೊತ್ತು. ತಂತಿ ಮೀಟಿದೊಡನೆ ಗಾಳಿ ಬಂದು ಮೊಣಕಾಲಿಗೆ ಬಡಿಯುತ್ತದೆ, ಸ್ಪೀಕರಿನ ಶಬ್ದಕ್ಕೆ ಗಿಟಾರಿನ ಮೈ ಕಂಪಿಸಿ ಸ್ವರ ಉದ್ದವಾಗುತ್ತದೆ. ಆ ಅನುಭವವನ್ನು ಮಾಡೆಲರ್ ಪೂರ್ತಿಯಾಗಿ ಕೊಡುವುದಿಲ್ಲ, ಒಪ್ಪಿಕೊಳ್ಳೋಣ.

ಆದರೆ ಅದು ವಾದಕನ ಅನುಭವ. ಥಾಣೆಯ ಗಡ್ಕರಿ ರಂಗಾಯತನದಲ್ಲಿ ಹಿಂದಿನ ಸಾಲಿನಲ್ಲಿ ಕೂತ ಕೇಳುಗನಿಗೆ ವೇದಿಕೆಯ ಆಂಪ್ ನೇರವಾಗಿ ಕೇಳಿಸುವುದು ಅಷ್ಟಕ್ಕಷ್ಟೆ. ಆಂಪಿನ ಮುಂದೆ ಒಂದು ಮೈಕ್, ಮೈಕಿನಿಂದ ಮಿಕ್ಸರ್, ಮಿಕ್ಸರಿನಿಂದ ಸಭಾಂಗಣದ ದೊಡ್ಡ ಸ್ಪೀಕರ್: ಅವನಿಗೆ ಸಿಗುವುದು ಮೈಕ್ ಹಿಡಿದ ಶಬ್ದ. ಮಾಡೆಲರ್ ಅನುಕರಿಸುವುದೂ ಅದನ್ನೇ. ಹೋಲಿಸುವುದಾದರೆ ಮೈಕ್ ಇಟ್ಟ ಆಂಪಿನ ಜೊತೆ ಹೋಲಿಸಬೇಕು. ಕೋಣೆಯಲ್ಲಿ ಎದುರಿಗಿರುವ ಆಂಪಿನ ಜೊತೆ ಹೋಲಿಸಿ ‘ಜೀವ ಇಲ್ಲ’ ಅನ್ನುವುದು ನ್ಯಾಯವಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ತಂತ್ರವೂ ಅಲ್ಲ. ರೋಲಂಡ್ ಕಂಪನಿಯ ವಿಜಿ-8 ಬಂದದ್ದು 1995ರಲ್ಲಿ, ಲೈನ್ 6ರ ಕೆಂಪು ಬಣ್ಣದ ‘ಪಾಡ್’ 1998ರಲ್ಲಿ. ಅವುಗಳ ಸೀಮಿತ ಗಣಕಶಕ್ತಿಯಲ್ಲಿ ಶಬ್ದ ಒಣಗಿದಂತೆ ಕೇಳುತ್ತಿದ್ದುದು ನಿಜ, ಮಾಡೆಲರಿಗೆ ಕೆಟ್ಟ ಹೆಸರು ಅಂಟಿದ್ದೂ ಆಗಲೇ. 2006ರ ಫ್ರಾಕ್ಟಲ್ ಆಕ್ಸ್-ಎಫ್‌ಎಕ್ಸ್, 2011ರ ಕೆಂಪರ್, 2015ರ ಹೀಲಿಕ್ಸ್ ಬರುವ ಹೊತ್ತಿಗೆ ಕಥೆ ಬದಲಾಗಿತ್ತು. 2013ರ ಡಿಸೆಂಬರ್ 8ರಂದು ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ನುಡಿಸಿದಾಗ ಹೊರಗೆ ಜೋರು ಶಬ್ದ ಮಾಡುವಂತಿರಲಿಲ್ಲ. ಕೇಳುಗರಿಗೆ ಹೆಡ್‌ಫೋನ್ ಕೊಟ್ಟು, ಗಿಟಾರುಗಳನ್ನು ಮಾಡೆಲರ್ ಮೂಲಕ ಕೇಳಿಸಿದರು. 2019ರ ಡಿಸೆಂಬರ್ 15ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮೂರಿನ ಸಾವಿರಾರು ಜನ ಯು2 ತಂಡವನ್ನು ಕೇಳಿದರು. ಆ ತಂಡದ ಗಿಟಾರ್ ವಾದಕ ಎಡ್ಜ್ ವಾಕ್ಸ್ ಎಸಿ30 ಆಂಪಿಗೇ ಹೆಸರಾದವರು. 2023ರಲ್ಲಿ ಲಾಸ್ ವೇಗಸ್ಸಿನ ಸ್ಫಿಯರ್ ರಂಗಮಂದಿರದಲ್ಲಿ ಅವರೂ ಆಂಪ್ ಬಿಟ್ಟು ಮಾಡೆಲಿಂಗ್ ಪೆಡಲುಗಳ ಮೇಲೆ ನುಡಿಸಿದರು.

ಇನ್ನೊಂದು ಸಂಗತಿ. ‘ಅಸಲಿ ಆಂಪ್’ ಎಂದು ಬಾಡಿಗೆಗೆ ಬರುವ ರೋಲಂಡ್ ಜೆಸಿ-120 ಇದೆಯಲ್ಲ, 1975ರಿಂದ ತಯಾರಾಗುತ್ತಿರುವ ಆ ಆಂಪಿನಲ್ಲಿ ವಾಲ್ವ್ ಒಂದೂ ಇಲ್ಲ, ಎಲ್ಲ ಟ್ರಾನ್ಸಿಸ್ಟರ್. ಅದರ ತೂಕ 28 ಕಿಲೋ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ. ಡೊಂಬಿವಲಿಯಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು ಮೇಲ್ಸೇತುವೆ ದಾಟಿ, ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದು ವಾಶಿಗೆ ಹೋಗುವವನಿಗೆ ಈ ಅಂಕಿಗಳು ಏನೆಂದು ಬಿಡಿಸಿ ಹೇಳಬೇಕಿಲ್ಲ. ಸ್ವತಃ ಫೆಂಡರ್ ಕಂಪನಿಯೇ 2019ರಲ್ಲಿ ಟ್ವಿನ್ ರಿವರ್ಬಿನ ಡಿಜಿಟಲ್ ರೂಪವನ್ನು ಸುಮಾರು 15 ಕಿಲೋ ತೂಕದಲ್ಲಿ ಹೊರತಂದಿತು.

‘ಮನೆಯಲ್ಲಿ ಅದ್ಭುತವಾಗಿತ್ತು, ವೇದಿಕೆಯಲ್ಲಿ ಹಾಳಾಯಿತು. ಪೆಟ್ಟಿಗೆಯೇ ಸರಿಯಿಲ್ಲ.’

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ನಷ್ಟ ಮಾಡುವ ತಪ್ಪು ಕಲ್ಪನೆಯೂ ಇದೇ. ಪೆಟ್ಟಿಗೆ ಮನೆಯಲ್ಲಿ ಏನು ಮಾಡಿತೋ ವೇದಿಕೆಯಲ್ಲೂ ಅದನ್ನೇ ಮಾಡಿತು. ಬೇರೆಯಾದದ್ದು ನಮ್ಮ ಕಿವಿ.

1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಪ್ರಕಟಿಸಿದ ಅಧ್ಯಯನ ಇದಕ್ಕೆ ಬುನಾದಿ. ಶಬ್ದ ಸಣ್ಣದಾಗಿದ್ದಾಗ ಮನುಷ್ಯನ ಕಿವಿಗೆ ತೀರ ತಗ್ಗಿನ ಸ್ವರಗಳೂ ತೀರ ಎತ್ತರದ ಸ್ವರಗಳೂ ಕಡಿಮೆ ಕೇಳಿಸುತ್ತವೆ, ನಡುವಿನವು ಚೆನ್ನಾಗಿ ಕೇಳಿಸುತ್ತವೆ. ಶಬ್ದ ದೊಡ್ಡದಾಗುತ್ತ ಹೋದಂತೆ ಈ ಅಂತರ ಕುಗ್ಗುತ್ತದೆ. ಈಗ ನಮ್ಮ ಮನೆಗಳನ್ನು ನೋಡಿ. ಒಂದು ಬೆಡ್‌ರೂಮಿನ ಫ್ಲಾಟು, ಗೋಡೆಯಾಚೆ ನೆರೆಮನೆ, ಆಫೀಸಿನಿಂದ ಬಂದು ಊಟ ಮುಗಿಸಿ ಗಿಟಾರ್ ಕೈಗೆತ್ತಿಕೊಳ್ಳುವಾಗ ರಾತ್ರಿ ಹತ್ತು. ಸಣ್ಣ ಶಬ್ದದಲ್ಲಿ ಅಥವಾ ಹೆಡ್‌ಫೋನಿನಲ್ಲಿ ಪ್ಯಾಚ್ (ಪೆಟ್ಟಿಗೆಯಲ್ಲಿ ಉಳಿಸಿಡುವ ಶಬ್ದದ ಜೋಡಣೆ) ಕಟ್ಟುತ್ತೇವೆ. ತುಂಬಿದಂತೆ ಕೇಳಲಿ ಎಂದು ಬಾಸ್ ಏರಿಸುತ್ತೇವೆ, ಹೊಳಪಿಗೆಂದು ಟ್ರೆಬಲ್ ಏರಿಸುತ್ತೇವೆ, ಕರ್ಕಶ ಅನ್ನಿಸಿದ ಮಿಡ್ ಕಡಿಮೆ ಮಾಡುತ್ತೇವೆ. ಅದೇ ಪ್ಯಾಚು ಮೈದಾನದ ಸ್ಪೀಕರಿನಲ್ಲಿ ಮೊಳಗಿದಾಗ ಬಾಸ್ ಗುಡುಗುತ್ತದೆ, ಟ್ರೆಬಲ್ ಕಿವಿ ಕುಯ್ಯುತ್ತದೆ. ಗಿಟಾರಿನ ನಿಜವಾದ ಜಾಗವಾದ ಮಿಡ್ ಇಲ್ಲದ ಕಾರಣ ಕೀಬೋರ್ಡ್, ಢೋಲಕ್, ಆಕ್ಟೋಪ್ಯಾಡುಗಳ ನಡುವೆ ಇಡೀ ವಾದ್ಯವೇ ಕಳೆದುಹೋಗುತ್ತದೆ. ವಾದಕ ಆಗ ವಾಲ್ಯೂಮ್ ಏರಿಸುತ್ತಾನೆ, ಸೌಂಡಿನವರು ಇಳಿಸುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಕಾರ್ಯಕ್ರಮಕ್ಕೆ ಮುಂಚೆ ಗಂಟೆ ಲೆಕ್ಕದ ರಿಹರ್ಸಲ್ ಕೋಣೆಯೊಂದನ್ನು ಹಿಡಿದು, ವೇದಿಕೆಯಷ್ಟೇ ಜೋರಿನಲ್ಲಿ, ಸಾಧ್ಯವಾದರೆ ಇಡೀ ತಂಡದ ಜೊತೆ ಪ್ಯಾಚುಗಳನ್ನು ತಿದ್ದಬೇಕು. ಒಂಟಿಯಾಗಿ ಕೇಳಿದಾಗ ತುಸು ತೆಳು, ತುಸು ಮೂಗಿನದು ಅನ್ನಿಸುವ ಗಿಟಾರ್ ಶಬ್ದವೇ ತಂಡದೊಳಗೆ ಸ್ಪಷ್ಟವಾಗಿ ಎದ್ದು ಕೇಳುತ್ತದೆ. ಗಿಟಾರಿನ ಅತಿ ತಗ್ಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಅದರ ಕೆಳಗಿರುವುದು ಬಾಸ್ ಗಿಟಾರಿನ, ಕಿಕ್ ಡ್ರಮ್ಮಿನ ರಾಜ್ಯ. ಹಾಗಾಗಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ನಿಜವಾದ ಗಿಟಾರ್ ಸ್ಪೀಕರುಗಳು 5,000 ಹರ್ಟ್ಸ್ ದಾಟಿದ ಮೇಲೆ ತಾವೇ ಕೈಚೆಲ್ಲುತ್ತವೆ, ಆದ್ದರಿಂದ ಆರೇಳು ಸಾವಿರದ ಮೇಲಿನದನ್ನೂ ಕತ್ತರಿಸಿ. ಡಿಸ್ಟಾರ್ಷನ್ ಮನೆಯಲ್ಲಿ ಇಟ್ಟಿದ್ದಕ್ಕಿಂತ ಕಡಿಮೆ, ರಿವರ್ಬ್ ಅರ್ಧ. ಸಭಾಂಗಣ ತನ್ನ ಪಾಲಿನ ರಿವರ್ಬನ್ನು ತಾನೇ ಕೊಡುತ್ತದೆ.

‘ಯಾವುದಕ್ಕೆ ಚುಚ್ಚಿದರೂ ಅದೇ ಶಬ್ದ.’

ಇಲ್ಲ. ಮಾಡೆಲರಿನೊಳಗೆ ಸ್ಪೀಕರ್ ಮತ್ತು ಮೈಕಿನ ಅನುಕರಣೆ ಇದೆ, ಅದನ್ನು ಕ್ಯಾಬ್ ಸಿಮ್ಯುಲೇಶನ್ ಅನ್ನುತ್ತಾರೆ. ಮಿಕ್ಸರಿಗೆ ಹೋಗುವಾಗ ಅದು ಚಾಲೂ ಇರಲೇಬೇಕು, ಇಲ್ಲದಿದ್ದರೆ ಡಿಸ್ಟಾರ್ಷನ್ ತಗಡು ಕೆರೆದಂತೆ ಕೇಳುತ್ತದೆ. ಬಾಡಿಗೆಯ ಗಿಟಾರ್ ಆಂಪಿಗೆ ಹೋಗುವಾಗ ಅದನ್ನು ಬಂದ್ ಮಾಡಬೇಕು, ಏಕೆಂದರೆ ಅಲ್ಲಿ ನಿಜವಾದ ಗಿಟಾರ್ ಸ್ಪೀಕರೇ ಇದೆ. ಜೊತೆಗೆ, ಆಂಪಿನ ಮುಂಭಾಗದ ಇನ್‌ಪುಟ್ ಬಿಟ್ಟು ಹಿಂಭಾಗದ ‘ರಿಟರ್ನ್’ಗೆ ಚುಚ್ಚಬೇಕು. ಮುಂದೆ ಚುಚ್ಚಿದರೆ ಒಂದು ಆಂಪಿನ ಮೇಲೆ ಇನ್ನೊಂದು ಆಂಪ್ ಕೂತಂತಾಗುತ್ತದೆ. ಈ ಒಂದು ಸ್ವಿಚ್ಚು, ಒಂದು ಜಾಕಿನ ಜಾಗ ತಪ್ಪಿದ್ದರಿಂದಲೇ ಎಷ್ಟೋ ಮಂದಿ ಪೆಟ್ಟಿಗೆ ಮಾರಿದ್ದಾರೆ.

ಸ್ಟೀರಿಯೋ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಎರಡೂ ಕಿವಿಯಲ್ಲಿ ಓಡಾಡುವ ಡಿಲೇ ಸೊಗಸು. ಸಂಘದ ಕಾರ್ಯಕ್ರಮದಲ್ಲಿ ಗಿಟಾರಿಗೆ ಸಿಗುವುದು ಒಂದೇ ಚಾನೆಲ್. ಎಡ ಔಟ್‌ಪುಟ್ ಮಾತ್ರ ಚುಚ್ಚಿ, ಹೊರಡುವ ಮೊದಲೇ ಪ್ರತಿ ಪ್ಯಾಚನ್ನೂ ಮೋನೋದಲ್ಲಿ ಕೇಳಿ ನೋಡಿ.

‘ಡಿಜಿಟಲ್ ಆದ್ದರಿಂದ ಶಬ್ದ ತಡವಾಗಿ ಬರುತ್ತದೆ.’

ಇಂದಿನ ಮಾಡೆಲರುಗಳ ತಡ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಿಲಿಸೆಕೆಂಡ್. ಶಬ್ದ ಗಾಳಿಯಲ್ಲಿ ಮೂರು ಮೀಟರ್ ದಾಟಲು ಸುಮಾರು ಒಂಬತ್ತು ಮಿಲಿಸೆಕೆಂಡ್ ಬೇಕು. ಅಂದರೆ ಆಂಪಿನಿಂದ ಹತ್ತು ಅಡಿ ದೂರ ನಿಂತವನು ಅನುಭವಿಸುವ ತಡವೇ ಹೆಚ್ಚು. ವೈರ್‌ಲೆಸ್, ಡಿಜಿಟಲ್ ಮಿಕ್ಸರ್ ಒಂದಕ್ಕೊಂದು ಸೇರಿದರೆ ಕೆಲವರಿಗೆ ಬೆರಳಿಗೆ ತಿಳಿಯುತ್ತದೆ. ಬ್ಲೂಟೂತ್ ಸ್ಪೀಕರ್ ಅಥವಾ ಬ್ಲೂಟೂತ್ ಇಯರ್‌ಫೋನಿನಲ್ಲಿ ನುಡಿಸಲು ಹೋಗಬೇಡಿ, ಅಲ್ಲಿ ತಡ ನೂರು ಮಿಲಿಸೆಕೆಂಡ್ ದಾಟುವುದು ಮಾಮೂಲು.

‘ಆಂಪ್ ಇಲ್ಲ ಅಂದಮೇಲೆ ಶಬ್ದದ ನಿಯಮಗಳ ಚಿಂತೆಯೂ ಇಲ್ಲ.’

ಅರ್ಧ ನಿಜ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರಕಾರ ವಿನಾಯಿತಿ ಕೊಡಬಹುದು. ಸರಕಾರ ಘೋಷಿಸಿದ ಕಡೆ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಶಾಂತ ವಲಯ. ಮಾಡೆಲರ್ ತಗ್ಗಿಸುವುದು ವೇದಿಕೆಯ ಮೇಲಿನ ಶಬ್ದವನ್ನು. ಮೈದಾನದ ಸ್ಪೀಕರಿನಿಂದ ಹೊರಡುವ ಶಬ್ದ ಹಾಗೇ ಉಳಿಯುತ್ತದೆ, ಪೊಲೀಸರು ಅಳೆಯುವುದು ಅದನ್ನೇ.

ಆದರೂ ಕಲ್ಯಾಣದ ಅತ್ರೆ ರಂಗಮಂದಿರ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ವಾಶಿಯ ವಿಷ್ಣುದಾಸ್ ಭಾವೆ ನಾಟ್ಯಗೃಹದಂಥ ನಾಟಕದ ಮಂದಿರಗಳಲ್ಲಿ ಇದರ ಲಾಭ ದೊಡ್ಡದು. ಅಲ್ಲಿ ಮುಖ್ಯವಾದದ್ದು ಮನುಷ್ಯನ ದನಿ. ಅಂಥ ವೇದಿಕೆಯಲ್ಲಿ ಗಿಟಾರ್ ಆಂಪ್ ಜೋರಾದರೆ ಹಾಡುಗಾರರ ಮೈಕಿಗೆ ನುಗ್ಗುತ್ತದೆ, ಆಮೇಲೆ ಅದನ್ನು ಸೌಂಡಿನವರೂ ತೆಗೆಯಲಾರರು. ಮಾಡೆಲರ್ ಇದ್ದರೆ ಹಾಡಿನ ಸಾಹಿತ್ಯ ಕೊನೆಯ ಸಾಲಿಗೂ ಕೇಳುತ್ತದೆ. ರಸಮಂಜರಿಗೆ ಬರುವ ಹಿರಿಯರಿಗೆ ಬೇಕಾದದ್ದು ಆ ಸಾಹಿತ್ಯವೇ. ನನ್ನ ಮಟ್ಟಿಗೆ ಮಾಡೆಲರಿನ ಪರವಾಗಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇದಕ್ಕೊಂದು ಷರತ್ತಿದೆ. ಆಂಪ್ ಇಲ್ಲದಿದ್ದಾಗ ವಾದಕನಿಗೆ ತನ್ನ ಶಬ್ದ ಕೇಳುವುದು ಮಾನಿಟರಿನಲ್ಲಿ ಮಾತ್ರ. ಮಾನಿಟರ್ ಸಾಲುವಷ್ಟು ಸಿಗದ ಕಡೆ, ಪಕ್ಕದಲ್ಲಿ ಡ್ರಮ್ಸ್ ಇದ್ದರೆ, ಅವನು ಕಿವುಡನಂತೆ ನುಡಿಸಬೇಕಾಗುತ್ತದೆ. ಸಂಘಟಕರೊಡನೆ ಮಾತಾಡುವಾಗ ಸಂಭಾವನೆಯ ಜೊತೆಗೆ ‘ಗಿಟಾರಿಗೆ ಪ್ರತ್ಯೇಕ ಮಾನಿಟರ್ ಬೇಕು’ ಎಂದು ಮೊದಲೇ ಹೇಳಿಬಿಡಿ. ಸ್ವಂತ ಇನ್-ಇಯರ್ ಇದ್ದರೆ ಇನ್ನೂ ಒಳ್ಳೆಯದು.

‘ಪ್ಯಾಚ್ ಹೆಚ್ಚಿದ್ದಷ್ಟೂ ಒಳ್ಳೆಯದು.’

ಒಂದೇ ರಾತ್ರಿ ರಾಜನ್–ನಾಗೇಂದ್ರರ ಹಾಡು, ಆರ್.ಡಿ. ಬರ್ಮನ್ನರದು, ಒಂದು ಲಾವಣಿ, ಕೊನೆಗೆ ಇಂದಿನ ಕನ್ನಡ ಸಿನಿಮಾದ ಕುಣಿತ ನುಡಿಸುವವನಿಗೆ ಬಗೆಬಗೆಯ ಶಬ್ದ ಬೇಕು ನಿಜ. ಆದರೆ ಹಾಡಿಗೊಂದು ಆಂಪ್ ಬದಲಿಸಿದರೆ ಪ್ರತಿ ಸಲವೂ ಶಬ್ದದ ಮಟ್ಟ ಬದಲಾಗುತ್ತದೆ, ಸೌಂಡಿನವರು ನಂಬಿಕೆ ಕಳೆದುಕೊಂಡು ನಿಮ್ಮ ಚಾನೆಲನ್ನು ಕೆಳಗಿಳಿಸಿ ಇಟ್ಟುಬಿಡುತ್ತಾರೆ. ಒಂದು ಶುಚಿಯಾದ ಶಬ್ದ, ಒಂದು ಸ್ವಲ್ಪ ಒಡೆದದ್ದು, ಒಂದು ಸೋಲೋ, ಒಂದು ಅಕೂಸ್ಟಿಕ್ ಹತ್ತಿರದ್ದು: ಸಾಕು. ಸೋಲೋದ ಏರಿಕೆಯನ್ನು ಆಂಪ್ ಬ್ಲಾಕಿನ ಮುಂದೆ ಇಟ್ಟರೆ ಡಿಸ್ಟಾರ್ಷನ್ ಹೆಚ್ಚುತ್ತದೆಯೇ ಹೊರತು ಶಬ್ದ ಏರುವುದಿಲ್ಲ. ಅದನ್ನು ಆಂಪಿನ ನಂತರ ಇಡಬೇಕು.

‘ಲಕ್ಷ ರೂಪಾಯಿ ಕೊಡದೆ ಒಳ್ಳೆಯ ಶಬ್ದ ಬರುವುದಿಲ್ಲ.’

ಇಂದು ಹತ್ತಿಪ್ಪತ್ತು ಸಾವಿರದೊಳಗಿನ ಪೆಟ್ಟಿಗೆಯೂ ಆರ್ಕೆಸ್ಟ್ರಾ ವೇದಿಕೆಗೆ ಸಾಲುತ್ತದೆ. ನಿಜವಾದ ಆಂಪನ್ನು ಕೇಳಿ ಕಲಿತು ಅದರಂತೆ ನುಡಿಯುವ ‘ನ್ಯೂರಲ್ ಆಂಪ್ ಮಾಡೆಲರ್’ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ದುಬಾರಿ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಸಿಗುವುದು ಗಟ್ಟಿಯಾದ ಗುಂಡಿಗಳು, ಹೆಚ್ಚು ಔಟ್‌ಪುಟ್‌ಗಳು, ಮಿಕ್ಸರಿಗೆ ನೇರ ಹೋಗುವ ಎಕ್ಸ್‌ಎಲ್‌ಆರ್ ಕಿಂಡಿ. ಅಗ್ಗದ್ದರಲ್ಲಿ ಆ ಕಿಂಡಿ ಇಲ್ಲದಿದ್ದರೆ ಮಿಕ್ಸರಿಗೆ ಜೋಡಿಸಿಕೊಡುವ ಒಂದು ಡಿಐ ಬಾಕ್ಸ್ ಕೊಂಡರಾಯಿತು.

‘ಕರೆಂಟ್ ಇದ್ದರೆ ಮುಗಿಯಿತು.’

ಮಂಡಪದಲ್ಲಿ ಎಲ್ಲ ತಪ್ಪುವುದು ಇಲ್ಲಿಯೇ. ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಒಂದೆರಡು ಸೆಕೆಂಡಿನಲ್ಲಿ ಮಾಡೆಲರ್ ಆರಿಹೋಗುತ್ತದೆ. ಮತ್ತೆ ಎಚ್ಚರವಾಗಲು ಕೆಲವು ಮಾದರಿಗಳಿಗೆ ಅರ್ಧ ನಿಮಿಷವೂ ಬೇಕು, ಅಷ್ಟರಲ್ಲಿ ಹಾಡಿನ ಪಲ್ಲವಿ ಮುಗಿದಿರುತ್ತದೆ. ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ಜೊತೆಗಿಟ್ಟುಕೊಂಡರೆ ಈ ಕಾಟ ತಪ್ಪುತ್ತದೆ. ಒಂದೇ ಬೋರ್ಡಿನಿಂದ ದೀಪಾಲಂಕಾರಕ್ಕೂ ನಮಗೂ ವಯರ್ ಎಳೆದಿದ್ದರೆ ಬೇರೆ ಕೇಳಿ. ಅರ್ಥಿಂಗ್ ಸರಿಯಿಲ್ಲದೆ ‘ಹಮ್’ ಬಂದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ ನೋಡಿ. ಯಾರೇ ಹೇಳಿದರೂ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಮುರಿಯಬೇಡಿ. ಒಂದು ಕೈ ಗಿಟಾರ್ ತಂತಿಯ ಮೇಲೆ, ತುಟಿ ಹಾಡುವ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಜೀವ ತೆಗೆಯಬಲ್ಲದು. ಅಡಾಪ್ಟರ್ ವಿಷಯದಲ್ಲೂ ಎಚ್ಚರ ಬೇಕು: 9 ವೋಲ್ಟ್ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಆಂಪಿಯರ್ ಮತ್ತು ಧನ-ಋಣ ಧ್ರುವ ಎರಡೂ ಹೊಂದಬೇಕು. ಲೈನ್ 6ರ ಎಚ್‌ಎಕ್ಸ್ ಸ್ಟಾಂಪಿನಂಥ ಪೆಟ್ಟಿಗೆಗೆ 3 ಆಂಪಿಯರಿನ ಅಡಾಪ್ಟರ್ ಬೇಕು, ಮಾಮೂಲಿ ಪೆಡಲಿನ ಅಡಾಪ್ಟರ್ ಅದನ್ನು ಎಬ್ಬಿಸಲಾರದು. ಹಾಗಾಗಿ ಅದೇ ಅಳತೆಯ ಎರಡನೇ ಅಡಾಪ್ಟರ್, ಒಂದು ಹೆಚ್ಚುವರಿ ಕೇಬಲ್, ಪ್ಯಾಚುಗಳ ಪ್ರತಿ ಇಟ್ಟುಕೊಂಡ ಪೆನ್ ಡ್ರೈವ್ ಈ ಮೂರೂ ಗಿಟಾರ್ ಚೀಲದ ಮುಂದಿನ ಜೇಬಿನಲ್ಲೇ ಇರಲಿ.