ಪಂಪ್‌ಗುಂಡಿಗೆ ದೋಣಿಯ ಪಂಪು

ಕಾರ್ಕಳ ಕಡೆಯ ನಮ್ಮಂಥ ಬೆಟ್ಟುಗದ್ದೆಯವರಿಗೆ ಮಳೆಯೇ ನೀರಾವರಿ. ಮನೆ ಖರ್ಚಿಗೆ, ನಾಲ್ಕು ಸಾಲು ತರಕಾರಿಗೆ ಒಂದು ಸಣ್ಣ ಮೋಟಾರು ಉಂಟು, ಅಷ್ಟೆ. ಬೇಸಿಗೆಯಲ್ಲಿ ಬಾವಿನೀರು ತಳ ಹಿಡಿಯುವ ಕಾರಣ ಅದನ್ನು ಬಾವಿಯ ಬದಿಯಲ್ಲಿ ಎದೆಮಟ್ಟದ ಗುಂಡಿಯೊಳಗೆ ಕೂರಿಸಿದ್ದೇವೆ. ಆಟಿಯಲ್ಲಿ ಅದೇ ಗುಂಡಿ ಕೆರೆ! 2022ರ ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲ, ಮೋಟಾರು ಮುಳುಗಿತು. ಆ ವರ್ಷದ ಉದ್ದು ಮಾರಿದ ದುಡ್ಡೆಲ್ಲ ರಿವೈಂಡಿಂಗಿಗೆ ಹೋಯಿತು.

ಉಪಾಯ ಸಿಕ್ಕಿದ್ದು ಕಾಪುವಿನ ಬಾವನ ನಾಡದೋಣಿಯಲ್ಲಿ. ಹೊಳೆಯಲ್ಲಿ ಕಟ್ಟಿದ ದೋಣಿಗೆ ರಾತ್ರಿಯಿಡೀ ಮಳೆ ಹೊಯ್ದರೆ ಮುಳುಗುವ ಹೆದರಿಕೆ. ಅದಕ್ಕೆ ಅವರು ತಳದಲ್ಲಿ 12 ವೋಲ್ಟಿನ ಪುಟ್ಟ ‘ಬಿಲ್ಜ್ ಪಂಪು’ ಕೂರಿಸಿದ್ದಾರೆ. ಪಕ್ಕದಲ್ಲೊಂದು ತೇಲುವ ಸ್ವಿಚ್ಚು. ನೀರು ಏರಿದರೆ ಸ್ವಿಚ್ಚು ಎದ್ದು ಪಂಪು ಚಾಲು, ಇಳಿದರೆ ಬಂದ್. ಮಲ್ಪೆ ಬೀಚಿನಲ್ಲಿ ಓಡಿಸುತ್ತಾರಲ್ಲ, ಅಂಥ ನೀರಿನ ಸ್ಕೂಟರುಗಳಲ್ಲಿ ಹಲವಕ್ಕೆ ಎಂಜಿನ್ ಓಡುವಾಗ ಮಾತ್ರ ಒಳಗಿನ ನೀರು ಹೊರಹೋಗುವುದಂತೆ. ನಿಲ್ಲಿಸಿಟ್ಟಾಗ ಕಾಯಲು ಇಂಥದ್ದೇ ಬೇಕು.

ಗುಟ್ಟಿರುವುದು ವಯರಿಂಗಿನಲ್ಲಿ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸು, ಅಲ್ಲಿಂದ ತೇಲುವ ಸ್ವಿಚ್ಚು, ಆಮೇಲೆ ಪಂಪು. ಪಂಪಿನ ಮೈನಸ್ ನೇರ ಬ್ಯಾಟರಿಗೆ. ಈ ದಾರಿಯ ನಡುವೆ ಎಂಜಿನ್ ಕೀಯಾಗಲಿ ಬೇರೆ ಸ್ವಿಚ್ಚಾಗಲಿ ಬರಬಾರದು. ಬಂದರೆ ಯಾರಾದರೂ ಆಫ್ ಮಾಡಿ ಹೋಗುತ್ತಾರೆ, ಮಳೆ ಬರುವುದು ಅವತ್ತೇ. ಕೈಯಿಂದ ಓಡಿಸಲು ಫ್ಯೂಸು ದಾಟಿದ ಮೇಲೆ ಇನ್ನೊಂದು ವಯರು ತೆಗೆದು, ಸಾದಾ ಸ್ವಿಚ್ಚಿನ ಮೂಲಕ ಪಂಪಿನ ಪ್ಲಸ್ಸಿಗೆ ಕೊಡಿ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ತರಗೆಲೆ ಸಿಕ್ಕಿ ಪಂಪು ತಿರುಗದೆ ನಿಂತರೆ ಕರೆಂಟು ಜಾಸ್ತಿ ಎಳೆದು ವಯರು ಸುಡುತ್ತದೆ. ಎಷ್ಟು ಆಂಪಿಯರಿನ ಫ್ಯೂಸೆಂದು ಪಂಪಿನ ಜೊತೆ ಬರುವ ಚೀಟಿ ನೋಡಿಯೇ ಹಾಕಬೇಕು.

ಜೋಡಣೆಗಳೆಲ್ಲ ನೀರು ಮುಟ್ಟದ ಎತ್ತರದಲ್ಲಿರಲಿ. ಬರೇ ಟೇಪು ಸುತ್ತಿದರೆ ನೀರು ಎಳೆಗಳೊಳಗೆ ಏರಿ ತಾಮ್ರ ಹಸಿರಾಗುತ್ತದೆ. ಬಾವ ಹಾಕುವುದು ಬಿಸಿ ಮಾಡಿದರೆ ಕುಗ್ಗಿ ಅಂಟಿಕೊಳ್ಳುವ ತೋಳು.

ಪಂಪಿನ ಮೇಲೆ 500 ಜಿಪಿಎಚ್ ಎಂದಿದ್ದರೆ ಗಂಟೆಗೆ ಸುಮಾರು 1,900 ಲೀಟರು. ಅದು ಮೇಲೆತ್ತುವ ಕೆಲಸವಿಲ್ಲದಾಗಿನ ಲೆಕ್ಕ. ಎದೆಮಟ್ಟದ ಗುಂಡಿಯಿಂದ ಅಷ್ಟು ಬರಲಿಕ್ಕಿಲ್ಲ. ಪಂಪು ಎರಡೂವರೆ ಆಂಪಿಯರ್ ಎಳೆಯುವುದಾದರೆ 40 ಆಂಪಿಯರ್-ಅವರಿನ ಬ್ಯಾಟರಿ ಲೆಕ್ಕಕ್ಕೆ 16 ಗಂಟೆ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಹಾಳು, ಹಾಗಾಗಿ ನಾನು 8 ಗಂಟೆ ಎಂದೇ ಹಿಡಿಯುವುದು. ಬಿಟ್ಟು ಬಿಟ್ಟು ಓಡುವ ಪಂಪಿಗೆ ಇದು ಧಾರಾಳ. ಕರೆಂಟು ಬಂದ ಕೂಡಲೇ ಚಾರ್ಜಿಗೆ ಹಾಕುತ್ತೇವೆ.

ವಾರಕ್ಕೊಮ್ಮೆ ಕಸ ತೆಗೆದು, ಸ್ವಿಚ್ಚನ್ನು ಕೈಯಿಂದ ಎತ್ತಿ ನೋಡಬೇಕು. ಗುಂಡಿಗೆ ಇಳಿಯುವ ಮೊದಲು ಮೋಟಾರಿನ ಮೈನ್ ಸ್ವಿಚ್ಚು ತೆಗೆಯಿರಿ, ಕರೆಂಟು ಹೋಗಿದ್ದರೂ ಸಹ.