ಎ.ಸಿ. ಗುಂಯ್ ಎಂದು ನಿಂತಾಗ...

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯಲ್ಲಿ ಪಾದರಸ 42 ಡಿಗ್ರಿ ದಾಟಿದೆ. ಕೋಣೆಯ ಎ.ಸಿ. ಗಾಳಿಯನ್ನೇನೋ ಬೀಸುತ್ತಿದೆ, ಆದರೆ ತಂಪಿಲ್ಲ. ಹೊರಗೋಡೆಯ ಮೇಲಿನ ಪೆಟ್ಟಿಗೆಯಿಂದ ಅರೆಗಳಿಗೆ 'ಗುಂಯ್' ಎಂಬ ಸದ್ದು, ಆಮೇಲೆ 'ಟಕ್' ಎಂದು ಮೌನ. ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಗುಂಯ್, ಅದೇ ಟಕ್. ಒಳಗೆ ವಯಸ್ಸಾದ ತಾಯಿ ಒದ್ದೆ ಟವೆಲು ಹೊದ್ದು ಕುಳಿತಿದ್ದಾರೆ. ಕರೆಸಿದ ಮೆಕ್ಯಾನಿಕ್ ಪೆಟ್ಟಿಗೆಗೆ ಕಿವಿಗೊಟ್ಟು, "ಕಂಪ್ರೆಸರ್ ಹೋಗ್ಯಾದ ನೋಡ್ರಿ ಅಕ್ಕಾರ" ಎಂದುಬಿಡುತ್ತಾನೆ. ಮನೆಯವರ ಎದೆ ಧಸಕ್ಕೆನ್ನುತ್ತದೆ. ಕಂಪ್ರೆಸರ್ ಎಂದರೆ ಸಾವಿರಗಟ್ಟಲೆ ರೂಪಾಯಿಯ ಮಾತು.

ಬೇಸಗೆ ಬಂತೆಂದರೆ ಅನೇಕ ಮನೆಗಳಲ್ಲಿ ನಡೆಯುವ ಪ್ರಸಂಗವಿದು. ನಿಜವಾಗಿ ಕಂಪ್ರೆಸರ್ ಕೆಟ್ಟಿರಲೂಬಹುದು. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ನೋಡಲೇಬೇಕಾದ ಒಂದು ವಸ್ತು ಅದೇ ಪೆಟ್ಟಿಗೆಯಲ್ಲಿದೆ. ಅದು ಟಾರ್ಚಿನ ಸೆಲ್‌ಗಿಂತ ತುಸು ದಪ್ಪಗಿನ ಅಲ್ಯೂಮಿನಿಯಂ ಡಬ್ಬಿ, ಹೆಸರು ರನ್ ಕೆಪಾಸಿಟರ್. ಬೆಲೆ ಕೆಲವು ನೂರು ರೂಪಾಯಿ.

ಒಂದು ಹೆಸರು, ಎರಡು ವಸ್ತು

ನಮ್ಮ ಅಂಗಡಿಗಳಲ್ಲಿ ಇದನ್ನು 'ಕಂಡೆನ್ಸರ್' ಎನ್ನುವುದೇ ರೂಢಿ. ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬದಲಿಸುವ ಪುಟ್ಟ 'ಕಂಡೆನ್ಸರ್' ಇದರ ತಮ್ಮ. ಎ.ಸಿ. ವಿಷಯದಲ್ಲಿ ಮಾತ್ರ ಈ ಹೆಸರು ಗೊಂದಲಕ್ಕೆ ದಾರಿ. ಹೊರಪೆಟ್ಟಿಗೆಯಲ್ಲಿ ಬಿಸಿಯನ್ನು ಹೊರಚೆಲ್ಲುವ ಕೊಳವೆಗಳ ದೊಡ್ಡ ಜಾಲರಿಗೂ ಕಂಡೆನ್ಸರ್ ಎಂದೇ ಹೆಸರು, ಅದರ ಬೆಲೆಯೇ ಬೇರೆ. ಆದ್ದರಿಂದ "ಕಂಡೆನ್ಸರ್ ಬದಲಿಸಬೇಕು" ಎಂದರೆ ಯಾವುದು ಎಂದು ಕೇಳಿಕೊಳ್ಳುವುದು ಜಾಣತನ.

ಈ ಡಬ್ಬಿಯ ಕೆಲಸವಾದರೂ ಏನು? ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಗೂಟವನ್ನು ಒಂದೇ ನೇರದಲ್ಲಿ ಹಿಂದೆ ಮುಂದೆ ಜಗ್ಗಿದರೆ ಕಲ್ಲು ಅಲುಗೀತೇ ಹೊರತು ತಿರುಗದು. ಎದುರು ಕುಳಿತ ಇನ್ನೊಬ್ಬಳು ಗೂಟಕ್ಕೆ ಕೈಹಾಕಿ, ಸರಿಯಾದ ಗಳಿಗೆಯಲ್ಲಿ ಬೇರೆ ದಿಕ್ಕಿನಿಂದ ಎಳೆದಾಗ ಕಲ್ಲು ಸುತ್ತತೊಡಗುತ್ತದೆ. ಮನೆಗೆ ಬರುವ 230 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತದಂತೆ ಹಿಂದೆ ಮುಂದೆ ಹರಿಯುತ್ತದೆ. ಅದು ಒಂಟಿ ಕೈಯ ಜಗ್ಗಾಟ. ಅದಕ್ಕೇ ಮೋಟಾರಿನಲ್ಲಿ ಎರಡನೆಯ ತಂತಿಸುರುಳಿಯೊಂದನ್ನು ಇಟ್ಟಿರುತ್ತಾರೆ. ಕೆಪಾಸಿಟರ್ ಆ ಸುರುಳಿಯ ವಿದ್ಯುತ್ತನ್ನು ಮೊದಲನೆಯದಕ್ಕಿಂತ ತುಸು ಮುಂಚಿತವಾಗಿ ಹರಿಸುತ್ತದೆ. ಎರಡು ಕೈ ಸೇರಿದಂತಾಗಿ ಮೋಟಾರು ತಿರುಗುತ್ತದೆ. ಓಡುವಷ್ಟು ಹೊತ್ತೂ ಡಬ್ಬಿ ಕೆಲಸದಲ್ಲಿರುವುದರಿಂದಲೇ ಅದು 'ರನ್' ಕೆಪಾಸಿಟರ್.

ಈ ಎರಡನೆಯ ಕೈ ಸೋತರೆ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟುತ್ತದೆ, ವಿಪರೀತ ಕರೆಂಟು ಎಳೆದು ಕಾಯುತ್ತದೆ. ಆಗ ರಕ್ಷಣೆಗಿಟ್ಟ ಓವರ್‌ಲೋಡ್ ಸಾಧನ 'ಟಕ್' ಎಂದು ಸಂಪರ್ಕ ಕಡಿಯುತ್ತದೆ. ತಣಿದ ಮೇಲೆ ಮತ್ತೆ ಅದೇ ಕಥೆ. ದಿನಗಟ್ಟಲೆ ಹೀಗೇ ಬಿಟ್ಟರೆ ಸುರುಳಿ ಸುಟ್ಟು, ಸುಳ್ಳಾಗಿದ್ದ "ಕಂಪ್ರೆಸರ್ ಹೋಗ್ಯಾದ" ಎಂಬ ಮಾತು ನಿಜವೇ ಆಗುತ್ತದೆ. ಗುಂಯ್ ಎಂಬ ಸದ್ದು ಕೇಳಿದೊಡನೆ ಎ.ಸಿ. ಬಂದ್ ಮಾಡಬೇಕಾದದ್ದು ಇದಕ್ಕೇ.

ಸಾಯುವ ಬಗೆ

ಡಬ್ಬಿಯೊಳಗೆ ಲೋಹದ ಅತಿ ತೆಳು ಲೇಪವಿರುವ ಪಾಲಿಪ್ರೊಪಿಲೀನ್ ಹಾಳೆಯನ್ನು ಸುತ್ತಿಟ್ಟಿರುತ್ತಾರೆ. ಹಾಳೆಯ ದುರ್ಬಲ ಜಾಗದಲ್ಲಿ ಕಿಡಿ ಹಾರಿದರೆ ಸುತ್ತಲಿನ ಲೋಹ ಆವಿಯಾಗಿ, ಗಾಯ ತಾನೇ ಮಾಯುತ್ತದೆ. ಪ್ರತಿ ಗಾಯಕ್ಕೂ ಧಾರಣಶಕ್ತಿಯ ಚೂರೊಂದು ಹೋಗುತ್ತದೆ. ಹೀಗಾಗಿ ಕೆಪಾಸಿಟರ್ ಸಾಮಾನ್ಯವಾಗಿ ದೀಪ ಆರಿದಂತೆ ಸಾಯುವುದಿಲ್ಲ, ಸವೆಯುತ್ತ ಹೋಗುತ್ತದೆ. ಶಾಖವೇ ಅದರ ದೊಡ್ಡ ವೈರಿ. ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಪಡುವಣ ಬಿಸಿಲಿಗೆ ಮೈಯೊಡ್ಡಿದ, ಜಾಲರಿಯಲ್ಲಿ ಧೂಳು ಕಟ್ಟಿದ ಪೆಟ್ಟಿಗೆಯಲ್ಲಿ ಅದು ಬೇಗ ಸೋಲುವುದು ಸಹಜ.

ಸವೆದ ಕೆಪಾಸಿಟರಿಗೆ ಕುಸಿದ ವೋಲ್ಟೇಜ್ ಜೊತೆಗೂಡಿದರೆ ಮುಗಿಯಿತು. ಮೋಟಾರು ಹೊರಡುವಾಗಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬಂದರೆ ಉಳಿಯುವುದು ಶೇ. 61ರಷ್ಟು ಬಲ ಮಾತ್ರ. ಬೆಳಿಗ್ಗೆ ಓಡಿದ ಎ.ಸಿ. ಸಂಜೆ ಮುಷ್ಕರ ಹೂಡುವುದರ ಗುಟ್ಟು ಇಲ್ಲಿದೆ. ನಿಂತ ಕೂಡಲೇ ಮತ್ತೆ ಚಾಲೂ ಮಾಡಿದರೂ ಇದೇ ಪಾಡು. ಕೊಳವೆಯೊಳಗಿನ ಅನಿಲದ ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬೇಕು.

ಆಯ್ಕೆಗೆ ಎರಡು ಸಂಖ್ಯೆ

ಹೊಸದನ್ನು ಕೊಳ್ಳುವಾಗ ಹಳೆಯ ಡಬ್ಬಿಯ ಮೇಲಿನ ಬರಹವೇ ಗುರು. ಮೊದಲ ಸಂಖ್ಯೆ ಮೈಕ್ರೋಫ್ಯಾರಡ್. ಸೀಲಿಂಗ್ ಫ್ಯಾನಿಗೆ 2.5 ಅಥವಾ 3.15 ಸಾಕಾದರೆ, ಒಂದು–ಒಂದೂವರೆ ಟನ್ನಿನ ಎ.ಸಿ.ಯ ಕಂಪ್ರೆಸರಿಗೆ ಸಾಮಾನ್ಯವಾಗಿ 25ರಿಂದ 50. ಈ ಸಂಖ್ಯೆ ಹಳೆಯದರಷ್ಟೇ ಇರಬೇಕು. ಫ್ಯಾನ್ ಜೋರಾಗಲೆಂದು ದೊಡ್ಡ ಕಂಡೆನ್ಸರ್ ಹಾಕಿಸುವ ಚಾಳಿ ಎ.ಸಿ.ಗೆ ಸಲ್ಲದು. ಹೆಚ್ಚಾದರೆ ಎರಡನೆಯ ಸುರುಳಿಗೆ ಅತಿಯಾದ ಕರೆಂಟು ಹರಿದು ಅದು ಬೇಯುತ್ತದೆ. ಕಡಿಮೆಯಾದರೆ ಹೊರಡುವ ಬಲ ಸಾಲದು. ಸಂಖ್ಯೆಯ ಪಕ್ಕ ಶೇ. 5 ಅಥವಾ 10 ಎಂದು ಹೆಚ್ಚುಕಡಿಮೆಯ ಮಿತಿ ಬರೆದಿರುತ್ತದೆ. ಅಳತೆಯಲ್ಲಿ 35ರ ಡಬ್ಬಿ 28 ತೋರಿಸಿದರೆ ಅದರ ಕಾಲ ಮುಗಿದಂತೆ.

ಎರಡನೆಯದು ವೋಲ್ಟೇಜ್. ಮನೆಗೆ ಬರುವುದು 230 ಆದರೂ ಡಬ್ಬಿಯ ಮೇಲೆ 370 ಅಥವಾ 440 ಎಂದಿರುತ್ತದೆ. ಮೋಟಾರು ತಿರುಗುವಾಗ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜೂ ಸೇರಿ ಕೆಪಾಸಿಟರ್ ಮೇಲೆ ಹೆಚ್ಚಿನ ಹೊರೆ ಬೀಳುವುದೇ ಕಾರಣ. 370ರ ಜಾಗಕ್ಕೆ 440 ಹಾಕಬಹುದು. 440ರ ಜಾಗಕ್ಕೆ 370 ಕೂಡದು.

ಇನ್ನೂ ಒಂದು ಅಕ್ಷರವಿದೆ, ಗ್ರಾಹಕರ ಕಣ್ಣಿಗೆ ಬೀಳದ್ದು. ಅಂತರರಾಷ್ಟ್ರೀಯ ಮಾನಕದ ಪ್ರಕಾರ 'ಎ' ವರ್ಗದ್ದು 30,000 ಗಂಟೆ, 'ಬಿ' 10,000, 'ಸಿ' 3,000, 'ಡಿ' 1,000 ಗಂಟೆಯ ಬಾಳಿಕೆಗೆ ತಯಾರಾದದ್ದು. ದಿನಕ್ಕೆ 10 ಗಂಟೆಯಂತೆ ನಾಲ್ಕು ತಿಂಗಳು ಓಡಿದರೆ 1,200 ಗಂಟೆ. 'ಸಿ' ವರ್ಗದ್ದು ಎರಡೂವರೆ ಬೇಸಗೆಗೆ ಮುಗಿದರೆ, 'ಬಿ' ವರ್ಗದ್ದು ಎಂಟು ಬೇಸಗೆ ಕಾಣಬಲ್ಲದು. ನಾಲ್ಕು ಕಾಸಿನ ಉಳಿತಾಯಕ್ಕೆ ಹೆಸರಿಲ್ಲದ ಮಾಲು ತರುವವರು ಈ ಲೆಕ್ಕ ಹಾಕಬೇಕು. ಭಾರತೀಯ ಮಾನಕದ ಸಂಖ್ಯೆ ಐ.ಎಸ್. 2993 ಡಬ್ಬಿಯ ಮೇಲಿದೆಯೇ ಎಂದೂ ನೋಡಬಹುದು.

ಕೆಲವು ಡಬ್ಬಿಗಳಿಗೆ 35+5 ಎಂಬಂತೆ ಜೋಡಿ ಸಂಖ್ಯೆ ಇರುತ್ತದೆ. ಒಂದೇ ಒಡಲಲ್ಲಿ ಎರಡು ಕೆಪಾಸಿಟರ್. ತುದಿಗಳಲ್ಲಿ 'ಸಿ' ಎಂಬುದು ಎರಡಕ್ಕೂ ಸಾಮಾನ್ಯ, 'ಹರ್ಮ್' ಕಂಪ್ರೆಸರಿಗೆ, 'ಫ್ಯಾನ್' ಪಂಖದ ಮೋಟಾರಿಗೆ. ಇವು ಅದಲುಬದಲಾದರೆ ಪಂಖದ ಮೋಟಾರು ಸುಟ್ಟೀತು.

ಮುಟ್ಟುವ ಮುನ್ನ

ವಿದ್ಯುತ್ತಿನ ತರಬೇತಿ ಇಲ್ಲದವರು ಕೈಹಾಕುವ ಕೆಲಸ ಇದಲ್ಲ. ಸ್ವಿಚ್ ಆರಿಸಿದರೂ ಡಬ್ಬಿಯಲ್ಲಿ ವಿದ್ಯುತ್ತು ಉಳಿದಿರಬಹುದು. ಅದರ ಏಟು ಪ್ರಾಣಕ್ಕೇ ಎರವಾಗಬಹುದು. ಎರಡನೆಯ ಮಹಡಿಯ ಹೊರಗೋಡೆಯಲ್ಲಿ ನಿಂತವನಿಗಂತೂ ಸಣ್ಣ ಶಾಕ್ ಕೂಡ ಕಾಲು ತಪ್ಪಿಸಲು ಸಾಕು.

ಬಲ್ಲ ಮೆಕ್ಯಾನಿಕ್ ಮೊದಲು ಎಂ.ಸಿ.ಬಿ. ಇಳಿಸಿ, ಕರೆಂಟಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳುತ್ತಾನೆ. ತಂತಿಗಳ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದಿಲ್ಲ. 20,000 ಓಮ್, 5 ವಾಟಿನ ರೆಸಿಸ್ಟರನ್ನು ಕಾಪಿಟ್ಟ ತುದಿಗಳಿಂದ ಹಿಡಿದು ಹತ್ತು ಸೆಕೆಂಡು ತಾಗಿಸಿ, ಉಳಿದ ವಿದ್ಯುತ್ತನ್ನು ಬರಿದು ಮಾಡುತ್ತಾನೆ. ಜೋಡಿ ಡಬ್ಬಿಯಾದರೆ ಎರಡೂ ಭಾಗಕ್ಕೆ. ಆಮೇಲೆ ತಂತಿ ಕಳಚಿ ಅಳೆಯುತ್ತಾನೆ. ತಲೆ ಉಬ್ಬಿದ, ಎಣ್ಣೆ ಸೋರಿದ ಡಬ್ಬಿಗೆ ಅಳತೆಯೇ ಬೇಡ. ಹೊಸದನ್ನು ಪಟ್ಟಿಯಿಂದ ಬಿಗಿದು, ಅದರ ತಲೆಯ ಮೇಲೆ ತುಸು ಜಾಗ ಬಿಡುತ್ತಾನೆ. ಸುಟ್ಟ, ಸಡಿಲಾದ ಥಿಂಬಲ್ಲನ್ನೂ ಬದಲಿಸುತ್ತಾನೆ. ಇಲ್ಲವಾದರೆ ಅಲ್ಲಿನ ಬಿಸಿಗೆ ಹೊಸ ಡಬ್ಬಿಯೂ ಬಲಿ.

ಓಡುವಾಗಲೇ ಪರೀಕ್ಷಿಸುವ ಬಗೆಯೂ ಅನುಭವಸ್ಥರಿಗೆ ಗೊತ್ತು. ಕೆಪಾಸಿಟರ್ ತಂತಿಯ ಆಂಪಿಯರನ್ನು 3183ರಿಂದ ಗುಣಿಸಿ, ಅದರ ತುದಿಗಳ ವೋಲ್ಟೇಜಿನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಸಿಗುತ್ತದೆ. 3.9 ಆಂಪಿಯರ್, 355 ವೋಲ್ಟ್ ಇದ್ದರೆ 35. ಅಮೆರಿಕದ ಕೈಪಿಡಿಗಳಲ್ಲಿ ಕಾಣುವ 2652 ಎಂಬ ಅಂಕಿ ಅಲ್ಲಿನ 60 ಆವರ್ತದ ವಿದ್ಯುತ್ತಿಗೆ. ಇಲ್ಲಿ ಅದನ್ನು ಬಳಸಿದರೆ ಒಳ್ಳೆಯ ಡಬ್ಬಿಯೂ ಕೆಟ್ಟದ್ದೆಂದು ತೋರುತ್ತದೆ.

ಇನ್ವರ್ಟರ್ ಎ.ಸಿ.ಗಳದು ಬೇರೆಯೇ ದಾರಿ. ಅವುಗಳ ಕಂಪ್ರೆಸರನ್ನು ಎಲೆಕ್ಟ್ರಾನಿಕ್ ಬೋರ್ಡ್ ನಡೆಸುವುದರಿಂದ ಅದಕ್ಕೆ ಈ ಡಬ್ಬಿ ಇರುವುದಿಲ್ಲ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳು 300 ವೋಲ್ಟಿಗೂ ಮೀರಿ ವಿದ್ಯುತ್ತು ಹಿಡಿದಿರುತ್ತವೆ. ಅವುಗಳ ಗೊಡವೆ ಕಂಪನಿಯ ತಂತ್ರಜ್ಞರಿಗೇ ಇರಲಿ.

ಹೊಸ ಡಬ್ಬಿ ಹಾಕಿದ ಮೇಲೂ ಗುಂಯ್ ನಿಲ್ಲದಿದ್ದರೆ, ಇಲ್ಲವೇ ಒಂದೇ ಬೇಸಗೆಯಲ್ಲಿ ಅದೂ ಕೆಟ್ಟರೆ, ರೋಗ ಬೇರೆಡೆ ಇದೆ ಎಂದರ್ಥ. ವೋಲ್ಟೇಜಿನ ಏರುಪೇರು, ಕೊಳೆ ಕಟ್ಟಿದ ಜಾಲರಿ, ಬಿಗಿದ ಪಂಖದ ಬೇರಿಂಗ್ ಅಥವಾ ಕಂಪ್ರೆಸರೇ ಇರಬಹುದು. ಆಗ ದೊಡ್ಡ ಖರ್ಚಿಗೆ ಅರ್ಥವಿದೆ.

ಡಬ್ಬಿ ಬದಲಿಸಿದ ದಿನ ಅದರ ಎರಡು ಸಂಖ್ಯೆಗಳನ್ನೂ ತಾರೀಖನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬಾರಿ ಹುಡುಕಾಟವಿಲ್ಲ. ಇಷ್ಟು ತಿಳಿದ ಮನೆಯವರು "ಕಂಪ್ರೆಸರ್ ಹೋಗ್ಯಾದ" ಎಂಬ ಮಾತಿಗೆ ತಟ್ಟನೆ ತಲೆಯಾಡಿಸುವುದಿಲ್ಲ. "ಮೊದಲ ಕೆಪಾಸಿಟರ್ ಅಳೀರಿ, ಆಮ್ಯಾಲ ಕಂಪ್ರೆಸರ್ ಮಾತು" ಎನ್ನುತ್ತಾರೆ.